ಬಡ ಕ್ಯಾಮೆರಾ, ದೊಡ್ಡ ಆಕಾಶ – ಭಾಗ 4: ಸ್ಟುಡಿಯೋ ಲೆನ್ಸಿಗೆ ಸಿಕ್ಕ ಬಾಲಚುಕ್ಕಿ

ಮೊದಲನೇ ಫೋಟೋ ನೋಡಿದ್ರಾ? ಅಮ್ಮಸಂದ್ರದ ನಮ್ಮ ತೋಟ. ಸ್ಟೇಷನ್ ದೀಪಗಳಿಗೆ ಬೆನ್ನು ಮಾಡಿ, ದಕ್ಷಿಣಕ್ಕೆ ತಿರುಗಿಸಿ ತೆಗೆದದ್ದು. ಗರಿಗಳ ಮೇಲೆ ಸಾಲಾಗಿ ಕಾಣ್ತಿರೋ ಮೂರು ಚುಕ್ಕಿ ವೃಶ್ಚಿಕದ ತಲೆ. ಹಳೇ ಫೋನು, ಟ್ರೈಪಾಡ್ ಬದಲು ಕಾಯಿಮಟ್ಟೆ ರಾಶಿ, 15 ಸೆಕೆಂಡು. ಅಷ್ಟೇ.

"ಇದಕ್ಕೆಲ್ಲ ಲಕ್ಷ ರೂಪಾಯಿ ಕ್ಯಾಮೆರಾ ಬೇಕಲ್ವಾ?" ಅಂತ ಕೇಳೋರಿಗೆ ನಾನು 1858ರ ಕಥೆ ಹೇಳ್ತೀನಿ.

ಆ ವರ್ಷ ಡೊನಾಟಿ ಧೂಮಕೇತು ಬಂದಿತ್ತು. ಸೆಪ್ಟೆಂಬರ್ 27ರಂದು ಇಂಗ್ಲೆಂಡಿನ ಸರ್ರೆಯಲ್ಲಿ ವಿಲಿಯಂ ಅಷರ್‌ವುಡ್ ಅನ್ನೋ ಫೋಟೋಗ್ರಾಫರ್, ಜನರ ಮುಖ ತೆಗೆಯೋ ಲೆನ್ಸನ್ನೇ ಆಕಾಶಕ್ಕೆ ತಿರುಗಿಸಿ 7 ಸೆಕೆಂಡು ತೆರೆದಿಟ್ಟ. ಬಾಲಚುಕ್ಕಿ ಪ್ಲೇಟಿನ ಮೇಲೆ ಮೂಡಿತು! ಧೂಮಕೇತುವಿನ ಮೊದಲ ಫೋಟೋ ಅದೇ. ಮಾರನೇ ದಿನ ಅಮೆರಿಕದ ಹಾರ್ವರ್ಡ್‌ನಲ್ಲಿ ಜಾರ್ಜ್ ಬಾಂಡ್ 15 ಇಂಚಿನ ಟೆಲಿಸ್ಕೋಪಿನಲ್ಲಿ 6 ನಿಮಿಷ ತೆಗೆದ. ಸಿಕ್ಕಿದ್ದು ನಡುವಿನ ಮಸುಕು ಚುಕ್ಕೆ ಮಾತ್ರ, ಬಾಲ ಇಲ್ಲ.

ಯಾಕೆ ಹೀಗಾಯ್ತು? ಅಷರ್‌ವುಡ್‌ನ ಲೆನ್ಸು ಎಫ್/2.4. ಬಾಲದಂಥ ಹರಡಿದ ಬೆಳಕಿಗೆ ಲೆನ್ಸು ಎಷ್ಟು ದೊಡ್ಡದು ಅನ್ನೋದಕ್ಕಿಂತ, ಅದರ ಫೋಕಲ್ ಉದ್ದಕ್ಕೆ ಹೋಲಿಸಿದ್ರೆ ಬಾಯಿ ಎಷ್ಟು ಅಗಲ ಅನ್ನೋದೇ ಲೆಕ್ಕ. ನಿಮ್ಮ ಫೋನಿನ ವಿವರದಲ್ಲಿ ಎಫ್/1.8 ಅಂತ ಇದ್ರೂ ಇರಬಹುದು, ನೋಡಿ. (ಒಂಟಿ ನಕ್ಷತ್ರಗಳ ಲೆಕ್ಕ ಬೇರೆ. ಅಲ್ಲಿ ಬಾಯಿಯ ಅಳತೆ ದೊಡ್ಡದಿದ್ದಷ್ಟೂ ಒಳ್ಳೇದು.) ಅಷರ್‌ವುಡ್‌ನ ಆ ಫೋಟೋ ಈಗ ಉಳಿದಿಲ್ಲ. ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ.

1882ರಲ್ಲಿ ಹಗಲಲ್ಲೂ ಕಾಣುವಷ್ಟು ಪ್ರಖರ ಧೂಮಕೇತು ಬಂತು. ದಕ್ಷಿಣ ಆಫ್ರಿಕಾದ ಕೇಪ್ ವೀಕ್ಷಣಾಲಯದಲ್ಲಿದ್ದ ಡೇವಿಡ್ ಗಿಲ್, ಊರಿನ ಒಬ್ಬ ಫೋಟೋಗ್ರಾಫರನ ಕ್ಯಾಮೆರಾವನ್ನ ಟೆಲಿಸ್ಕೋಪಿಗೆ ಕಟ್ಟಿಸಿದ. ಲೆನ್ಸಿನ ಬಾಯಿ ಎರಡೂವರೆ ಇಂಚು. ಪ್ಲೇಟ್ ತೊಳೆದು ನೋಡಿದ್ರೆ ಧೂಮಕೇತುವಿನ ಹಿಂದೆ ರಾಶಿ ರಾಶಿ ನಕ್ಷತ್ರ! ಆಕಾಶದ ನಕ್ಷೆಯನ್ನ ಫೋಟೋದಲ್ಲೇ ಮಾಡಬಹುದು ಅಂತ ಅವನಿಗೆ ಹೊಳೆದದ್ದು ಆಗ. 1887ರಲ್ಲಿ ಪ್ಯಾರಿಸ್‌ನಲ್ಲಿ ಸಭೆ ಸೇರಿ, ಆಕಾಶವನ್ನ ಪಟ್ಟಿ ಪಟ್ಟಿಯಾಗಿ ವೀಕ್ಷಣಾಲಯಗಳಿಗೆ ಹಂಚಿದರು.

ಅದರಲ್ಲಿ ಒಂದು ಪಟ್ಟಿ, −17ರಿಂದ −23 ಡಿಗ್ರಿವರೆಗಿನದು, ಮುಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ ಪಾಲಿಗೆ ಬಂತು. ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ರಾಜ್ಯದಲ್ಲೇ ಇದ್ದವು. ಈಗ ಮತ್ತೆ ಮೊದಲನೇ ಫೋಟೋಗೆ ಹೋಗಿ: ಆ ಮೂರರಲ್ಲಿ ಮೇಲಿನ ಎರಡು ಚುಕ್ಕಿ ಇದೇ ಪಟ್ಟಿಯೊಳಗಿವೆ. ಅವರು ಗಾಜಿನ ಪ್ಲೇಟಿನಲ್ಲಿ ಹಿಡಿದ ಆಕಾಶ, ನಮ್ಮ ಮಟ್ಟೆ ರಾಶಿ ಮೇಲಿಂದ.

ಅದೇ ನಿಜಾಮಿಯಾದಲ್ಲಿ ಕೆಲಸಕ್ಕಿದ್ದವರ ಮಗ ವೇಣು ಬಾಪು. 1949ರಲ್ಲಿ ಹಾರ್ವರ್ಡ್‌ನ ಫೋಟೋ ಪ್ಲೇಟಿನಲ್ಲಿ ಹೊಸ ಧೂಮಕೇತು ಕಂಡುಹಿಡಿದರು. ಆಮೇಲೆ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಕಟ್ಟಿದವರೂ ಅವರೇ.

ಒಂದು ಮಾತು ಮುಚ್ಚಿಡಲ್ಲ. ಗಿಲ್‌ನ ಟೆಲಿಸ್ಕೋಪು ನಕ್ಷತ್ರಗಳ ಜೊತೆ ತಿರುಗ್ತಿತ್ತು, ನಮ್ಮ ಮಟ್ಟೆ ರಾಶಿ ತಿರುಗಲ್ಲ. ಅದಕ್ಕೇ ಫೋನಲ್ಲಿ 20 ಸೆಕೆಂಡು ದಾಟಿದ್ರೆ ಚುಕ್ಕಿ ಗೆರೆಯಾಗುತ್ತೆ. ಗೆರೆಯೇ ಬೇಕಾ? ಉತ್ತರಕ್ಕೆ ತಿರುಗಿಸಿ, ಒಂದರ ಹಿಂದೊಂದು ತೆಗೀತಾ ಹೋಗಿ, ಕೊನೆಗೆ ಜೋಡಿಸಿ. ಧ್ರುವ ನಮ್ಮೂರಲ್ಲಿ ಸುಮಾರು 13 ಡಿಗ್ರಿ ಎತ್ತರ ಮಾತ್ರ; ಕೈ ಚಾಚಿ ಮುಷ್ಟಿ ಹಿಡಿದ್ರೆ ಒಂದು ಮುಷ್ಟಿಗಿಂತ ತುಸು ಮೇಲೆ. ನಮ್ಮ ತೋಟದಲ್ಲಿ ಅದು ಪಕ್ಕದವರ ತೆಂಗಿನ ಮರದ ಹಿಂದೆ ಅಡಗಿದೆ. ತಾರಸಿ ಹತ್ತಬೇಕು.

ಭಾಗ 5: ಎರಡು ಹಲಗೆ, ಒಂದು ಕೀಲು, ಒಂದು ಬೋಲ್ಟು.

#ಅಮ್ಮಸಂದ್ರ #ರಾತ್ರಿಆಕಾಶ #ಬಡಕ್ಯಾಮೆರಾ