ಸವೆದು ಕಾಯುವ ಸತು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ನಮಗೆ ನೀರೆಂದರೆ ಕಾಗಿಣಾ, ಮುಲ್ಲಾಮಾರಿ ಹೊಳೆಗಳು, ಕಡಲು ಬಹುದೂರ. ಆದರೂ ನಮ್ಮ ಸುಣ್ಣಕಲ್ಲಿನ ಗಣಿಗಳನ್ನು ಕಂಡಾಗಲೆಲ್ಲ ನನಗೆ ಹಾಯಿಹಡಗುಗಳ ನೆನಪಾಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಅವುಗಳ ತಳಕ್ಕೆ ಬಳಿಯುತ್ತಿದ್ದುದು ಸುಣ್ಣ-ಕೊಬ್ಬುಗಳ ಲೇಪ. ಮಳೆಗಾಲದಲ್ಲಿ ದಡಕ್ಕೆಳೆದಾಗ ಹಳೆಯದನ್ನು ಕೆರೆದು ಹೊಸದನ್ನು ಬಳಿಯಲು ಬಿಡುವಿರುತ್ತಿತ್ತು.

ವರುಷವಿಡೀ ನೀರಿನಲ್ಲಿರುವ ಹಡಗಿಗೆ ಆ ಬಿಡುವೆಲ್ಲಿ? 1761ರಲ್ಲಿ ಬ್ರಿಟಿಷ್ ನೌಕಾಪಡೆಯು ‘ಅಲಾರ್ಮ್’ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿತು. ಮರ ಕೊರೆಯುವ ಹುಳು ಸೋತಿತು. ಆದರೆ ತಾಮ್ರ ಸೋಕಿದೆಡೆ ಕಬ್ಬಿಣದ ಮೊಳೆಗಳನ್ನು ಉಪ್ಪುನೀರು ತಿಂದುಹಾಕಿತು. ಕಾಲಕ್ರಮದಲ್ಲಿ ತಾಮ್ರವೂ ಸವೆಯುತ್ತಿತ್ತು. 1824ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ ಆ ಕೇಡನ್ನೇ ಉಪಾಯವಾಗಿ ತಿರುಗಿಸಿದನು. ತಾಮ್ರಕ್ಕೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸಿದನು. ಅವು ತಾವು ಸವೆದು ತಾಮ್ರವನ್ನುಳಿಸಿದವು. ಆದರೆ ಕರಗದ ತಾಮ್ರದಲ್ಲಿ ವಿಷವೆಲ್ಲಿಯದು? ಚಿಪ್ಪುಜೀವಿಗಳು ಮುತ್ತಿ ಹಡಗಿನ ವೇಗ ಕುಗ್ಗಿತು. ನೌಕಾಪಡೆ ಆ ಉಪಾಯವನ್ನು ಕೈಬಿಟ್ಟಿತು.

ತತ್ತ್ವ ಮಾತ್ರ ಸೋಲಲಿಲ್ಲ. ಇಂದಿಗೂ ಕಡಲಿನಲ್ಲಿ ತೇಲಿಯೇ ಇರುವ ಹಾಯಿದೋಣಿಗಳ ಲೋಹದ ಭಾಗಗಳಿಗೆ ಸತುವಿನ ತುಂಡುಗಳನ್ನು ಕಟ್ಟುತ್ತಾರೆ. ನಮ್ಮ ಬಚ್ಚಲಮನೆಯ ತಗಡಿನ ಬಕೆಟ್ಟನ್ನು ಕಾಯುವುದೂ ಅದೇ ಸತು. ಅದು ಸದ್ದಿಲ್ಲದೆ ಸವೆಯುತ್ತದೆ. ತೀರುವ ಮೊದಲೇ ನೋಡಿ ಬದಲಿಸುವ ಎಚ್ಚರ ಮಾತ್ರ ಮನುಷ್ಯನದು. ಆ ಎಚ್ಚರ ತಪ್ಪಿದರೆ ಮುಂದಿನ ಸರದಿ ದೋಣಿಯದೇ.