ಬಸ್ ನಿಂತ ಮೇಲೆ ಊರು ಹೇಗೆ ಓಡಾಡಬೇಕು? ಶೆಟ್ಟಿಕೊಪ್ಪದ ರಸ್ತೆಯಲ್ಲಿ ಒಂದು ಲೆಕ್ಕಾಚಾರ

ಕೊಪ್ಪ ಮತ್ತು ಎನ್‌.ಆರ್‌.ಪುರದ ನಡುವೆ ಶೆಟ್ಟಿಕೊಪ್ಪ ಸಿಗುತ್ತೆ. ಹಳ್ಳಿ ಅಂದ್ರೆ ಹಳ್ಳಿ, ಪೇಟೆಯ ಅಂಚು ಅಂದ್ರೆ ಅಂಚು. ಕಾಲೇಜು, ತಾಲ್ಲೂಕು ಕಚೇರಿ, ಆಸ್ಪತ್ರೆ ಎಲ್ಲದಕ್ಕೂ ಕೊಪ್ಪ ಇಲ್ಲವೇ ಎನ್‌.ಆರ್‌.ಪುರ, ದೊಡ್ಡ ಕೆಲಸವಿದ್ದರೆ ಶಿವಮೊಗ್ಗ. ಕೊಪ್ಪ, ಶೃಂಗೇರಿ, ಎನ್‌.ಆರ್‌.ಪುರ ಮೂರೂ ತಾಲ್ಲೂಕಿನಲ್ಲಿ ಇವತ್ತು ರೈಲಿಲ್ಲ. ಹಾಗಾಗಿ ಇಲ್ಲಿ ಸುಸ್ಥಿರ ಸಾರಿಗೆ ಅಂದ್ರೆ ಮೆಟ್ರೋ ಅಲ್ಲ, ಸೈಕಲ್ ಟ್ರ್ಯಾಕೂ ಅಲ್ಲ. ಬಸ್ಸು, ಅಷ್ಟೇ.

ಈ ಬಸ್ಸಿನ ವಿಷಯದಲ್ಲಿ ದೇಶವೇ ತಿರುಗಿ ನೋಡಬೇಕಾದ ಪ್ರಯೋಗ ನಡೆದದ್ದು ಕೊಪ್ಪದಲ್ಲೇ. ಶಂಕರ್ ಟ್ರಾನ್ಸ್‌ಪೋರ್ಟ್‌ನಲ್ಲಿ ದುಡಿಯುತ್ತಿದ್ದ ಕಾರ್ಮಿಕರು 1991ರಲ್ಲಿ ಒಟ್ಟಾಗಿ ತಮ್ಮದೇ ಸಹಕಾರ ಸಂಘ ಕಟ್ಟಿ, ಬೆರಳೆಣಿಕೆಯ ಬಸ್ಸುಗಳನ್ನು ರಸ್ತೆಗಿಳಿಸಿದರು. ಅದೇ ‘ಸಹಕಾರ ಸಾರಿಗೆ’. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್‌ಗಳೇ ಮಾಲೀಕರು. ಮುಂದೆ ಅದು 70ಕ್ಕೂ ಹೆಚ್ಚು ಬಸ್ಸುಗಳ ಸಂಸ್ಥೆಯಾಯ್ತು, ಮಲೆನಾಡಿನ ಮಕ್ಕಳು ರಿಯಾಯಿತಿ ಪಾಸ್ ಹಿಡಿದು ಅದರಲ್ಲೇ ಶಾಲೆ ಕಾಲೇಜಿಗೆ ಹೋದರು. ಡೀಸೆಲ್, ಬಿಡಿಭಾಗ, ವಿಮೆ, ತೆರಿಗೆ ಎಲ್ಲವೂ ಏರುತ್ತಾ ಹೋಗಿ, ನಷ್ಟ ತಾಳಲಾರದೆ 2020ರ ಆರಂಭದಲ್ಲಿ ಸಂಸ್ಥೆ ಓಡಾಟ ನಿಲ್ಲಿಸಿತು. ಕೊರೊನಾ ಲಾಕ್‌ಡೌನ್‌ಗೂ ಮುಂಚೆಯೇ ಅನ್ನೋದನ್ನು ಗಮನಿಸಿ.

‘ಸಹಕಾರಿ ವ್ಯವಸ್ಥೆ ಅಂದ್ರೆ ಹಾಗೇ, ಉಳಿಯಲ್ಲ’ ಅನ್ನೋದು ಸುಲಭದ ಮಾತು. ನನಗಂತೂ ಒಪ್ಪಿಗೆಯಿಲ್ಲ. ಲೆಕ್ಕ ಹಾಕಿ ನೋಡೋಣ, ಅಂಕಿಗಳು ಉದಾಹರಣೆಗಷ್ಟೇ. ಘಟ್ಟದ ತಿರುವಿನಲ್ಲಿ ಲೀಟರಿಗೆ ನಾಲ್ಕೂವರೆ ಕಿ.ಮೀ. ಕೊಡುವ ಬಸ್ಸು, ಲೀಟರ್ ಡೀಸೆಲ್‌ಗೆ 90 ರೂಪಾಯಿ. ಕಿಲೋಮೀಟರಿಗೆ 20 ರೂಪಾಯಿ ಬರೀ ಇಂಧನಕ್ಕೇ ಹೋಯ್ತು. 20 ಕಿ.ಮೀ. ಟ್ರಿಪ್ಪಿಗೆ 400 ರೂಪಾಯಿ. ತಲೆಗೆ 30 ರೂಪಾಯಿ ಟಿಕೆಟ್ ಅಂದ್ರೂ 14 ಜನ ಹತ್ತಬೇಕು. ಸಂಬಳ, ಟೈರು, ತೆರಿಗೆ ಇನ್ನೂ ಬಾಕಿ. ಬೆಳಿಗ್ಗೆ ಎಂಟರ ಬಸ್ಸಿಗೆ ಅಷ್ಟು ಜನ ಸಿಗ್ತಾರೆ, ಮಧ್ಯಾಹ್ನ ಎರಡರ ಬಸ್ಸಿಗೆ? ತುಂಬಿದ ಟ್ರಿಪ್ಪಿನ ದುಡ್ಡು ಖಾಲಿ ಟ್ರಿಪ್ಪನ್ನು ಸಾಕುತ್ತೆ. ಈ ಸಾಕುವಿಕೆ ಬಿಗಿಯಾದಾಗ ಮಾಲೀಕರು ಮೊದಲು ಕೈಬಿಡೋದು ಮಧ್ಯಾಹ್ನದ್ದನ್ನು, ಆಮೇಲೆ ರಾತ್ರಿಯದನ್ನು.

ಅಲ್ಲಿಂದ ಶುರುವಾಗೋದೇ ಅಸಲಿ ಸಮಸ್ಯೆ. ಒಂದು ಟ್ರಿಪ್ ಹೋದರೆ ವಾಪಸ್ ಬರೋ ಗ್ಯಾರಂಟಿ ಹೋಗುತ್ತೆ, ಸಾಲ ಸಿಗುವವರು ಬೈಕ್ ಕೊಳ್ತಾರೆ. ಬೆಳಿಗ್ಗೆಯ ಬಸ್ಸಲ್ಲೂ ಜನ ಕಡಿಮೆಯಾಗ್ತಾರೆ, ಇನ್ನೊಂದು ಟ್ರಿಪ್ ಹೋಗುತ್ತೆ. ಅರ್ಥಶಾಸ್ತ್ರಜ್ಞ ಹರ್ಬರ್ಟ್ ಮೊಹ್ರಿಂಗ್ 1972ರಲ್ಲೇ ಇದರ ಇನ್ನೊಂದು ಮುಖ ತೋರಿಸಿದ್ದರು: ಬಸ್ ಹೆಚ್ಚಾದಷ್ಟೂ ಎಲ್ಲ ಪ್ರಯಾಣಿಕರ ಕಾಯುವ ಹೊತ್ತು ಇಳಿಯುತ್ತೆ, ಹಾಗಾಗಿ ಬಸ್ಸಿಗೆ ಸಬ್ಸಿಡಿ ಕೊಡೋದಕ್ಕೆ ಆರ್ಥಿಕ ಸಮರ್ಥನೆ ಇದೆ. ಕೊನೆಗೆ ಸ್ಟಾಪಿನಲ್ಲಿ ಉಳಿಯೋದು ವಿದ್ಯಾರ್ಥಿಗಳು, ತೋಟದ ಕೂಲಿಗೆ ಹೋಗುವ ಹೆಂಗಸರು, ವಯಸ್ಸಾದವರು.

ಇಲ್ಲಿ ‘ಶಕ್ತಿ’ ಯೋಜನೆಯ ಮಾತು ಬರಲೇಬೇಕು. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ದುಡ್ಡು ಹೋಗೋದು ಪ್ರಯಾಣಿಕಳ ಹಿಂದೆ ಅಲ್ಲ, ನಿಗಮದ ಬಸ್ಸಿನ ಹಿಂದೆ. ಖಾಸಗಿ ಬಸ್ಸನ್ನೇ ನಂಬಿರುವ ಮಲೆನಾಡು, ಕರಾವಳಿಯ ದಾರಿಗಳಲ್ಲಿ ಅದೇ ರಾಜ್ಯದ ಹೆಣ್ಣುಮಗಳು ಪೂರ್ತಿ ಟಿಕೆಟ್ ಕೊಡಬೇಕು. ಸಹಕಾರ ಸಾರಿಗೆ ಇವತ್ತಿಗೂ ಇದ್ದಿದ್ದರೆ ಅದಕ್ಕೂ ಈ ನಿಯಮದಲ್ಲಿ ಬಿಡಿಗಾಸು ಸಿಗುತ್ತಿರಲಿಲ್ಲ.

ಹಾಗಾದರೆ ಕೇಳೋದು ಯಾರನ್ನ? ಸಂವಿಧಾನದ 11ನೇ ಅನುಸೂಚಿ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ರಸ್ತೆ, ಮೋರಿ, ಸೇತುವೆ, ದೋಣಿಯನ್ನೆಲ್ಲ ಹೆಸರಿಸುತ್ತೆ, ಬಸ್ಸಿನ ಹೆಸರಿಲ್ಲ. ಪರ್ಮಿಟ್ ಕೊಡೋದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. 1988ರ ಮೋಟಾರು ವಾಹನ ಕಾಯ್ದೆಯ 72ನೇ ಸೆಕ್ಷನ್ ಪ್ರಕಾರ ಪರ್ಮಿಟ್‌ನಲ್ಲೇ ದಿನಕ್ಕೆ ಕನಿಷ್ಠ ಎಷ್ಟು ಟ್ರಿಪ್ ಅಂತ ಷರತ್ತು ಹಾಕಬಹುದು. ಷರತ್ತು ಮುರಿದರೆ 86ನೇ ಸೆಕ್ಷನ್ ಅಡಿ ಪರ್ಮಿಟ್ ಅಮಾನತು ಮಾಡಬಹುದು, ರದ್ದೂ ಮಾಡಬಹುದು. ಆದರೆ ನಷ್ಟದ ಟ್ರಿಪ್ಪಿಗೆ ದುಡ್ಡು ಕೊಡದೆ ಬರೀ ಷರತ್ತು ಹಾಕಿದರೆ ಮಾಲೀಕ ಪರ್ಮಿಟ್ಟನ್ನೇ ವಾಪಸ್ ಕೊಡ್ತಾನೆ. ಅದಕ್ಕೇ 2019ರ ತಿದ್ದುಪಡಿಯಲ್ಲಿ ಸೇರಿದ 67(3) ಮುಖ್ಯ. ಗ್ರಾಮೀಣ ಸಾರಿಗೆಗಾಗಿ ರಾಜ್ಯ ಸರ್ಕಾರ ಪ್ರತ್ಯೇಕ ಯೋಜನೆ ರೂಪಿಸಬಹುದು ಅಂತ ಅದು ನೇರವಾಗಿ ಹೇಳುತ್ತೆ.

ಪಕ್ಕದ ಕೇರಳ 2022ರ ಜುಲೈನಲ್ಲಿ ‘ಗ್ರಾಮವಂಡಿ’ ಶುರು ಮಾಡಿತು. ಬಸ್ಸು, ಸಿಬ್ಬಂದಿ ಸಾರಿಗೆ ನಿಗಮದ್ದು. ಇಂಧನದ ಖರ್ಚು ಸ್ಥಳೀಯ ಪಂಚಾಯಿತಿಯದು. ತಿರುವನಂತಪುರ ಜಿಲ್ಲೆಯ ಕೊಲ್ಲಯಿಲ್ ಪಂಚಾಯಿತಿಯಲ್ಲಿ ಮೊದಲ ಬಸ್ ಹೊರಟಿತು. ದುಡ್ಡು ಕೊಡುವವರು ಸ್ಥಳೀಯರಾದ್ದರಿಂದ ದಾರಿ, ಸಮಯದ ಬಗ್ಗೆ ಮಾತಾಡುವ ಹಕ್ಕೂ ಅವರಿಗೇ ಬಂತು. ನಮ್ಮ ಪಂಚಾಯಿತಿಗಳ ಜೇಬು ಸಣ್ಣದು ನಿಜ, ಹಾಗಾಗಿ ಇಲ್ಲಿ ರಾಜ್ಯದ ಪಾಲು ಇರಲೇಬೇಕು. ಶಕ್ತಿಗೆ ಬಜೆಟ್‌ನಲ್ಲಿ ದುಡ್ಡಿಡುವ ಸರ್ಕಾರಕ್ಕೆ, ನಿಗಮದ ಬಸ್ಸಿಲ್ಲದ ದಾರಿಗಳಲ್ಲಿ ಟೆಂಡರ್ ಕರೆದು ಕಿಲೋಮೀಟರ್ ಲೆಕ್ಕದಲ್ಲಿ ಪಾವತಿಸೋದು ಅಸಾಧ್ಯವೇನಲ್ಲ. ಆ ಟೆಂಡರಿನಲ್ಲಿ ಕಾರ್ಮಿಕರ ಸಹಕಾರ ಸಂಘಕ್ಕೂ ಜಾಗ ಇರಲಿ.

ಇಂಜಿನಿಯರಿಂಗ್ ಓದುವಾಗ ನಮಗೆ ಟ್ರಾಫಿಕ್ ಸರ್ವೆ ಅಂದ್ರೆ ರಸ್ತೆ ಬದಿ ನಿಂತು ವಾಹನ ಎಣಿಸೋದು. ಬಸ್ಸಿಲ್ಲ ಅಂತ ಮನೆಯಲ್ಲೇ ಉಳಿದವರು ಆ ಹಾಳೆಯಲ್ಲಿ ಬರೋದೇ ಇಲ್ಲ. ಶೆಟ್ಟಿಕೊಪ್ಪದಂಥ ಊರಿನ ಗ್ರಾಮಸಭೆಯಲ್ಲಿ ಎಣಿಸಬೇಕಾದ್ದು ಅವರನ್ನೇ: ಎಷ್ಟು ಮಕ್ಕಳು ಯಾವ ಹೊತ್ತಿಗೆ ಕಾಲೇಜಿಗೆ, ಎಷ್ಟು ಹೆಂಗಸರು ಯಾವ ಕೆಲಸಕ್ಕೆ, ಸಂಜೆ ಕೊನೆಯ ಬಸ್ ಎಷ್ಟಕ್ಕೆ ಬೇಕು. ಆ ಪಟ್ಟಿಯನ್ನು ನಿರ್ಣಯ ಮಾಡಿ ಪ್ರಾಧಿಕಾರಕ್ಕೆ ಕಳಿಸಿದರೆ, ಮುಂದಿನ ಪರ್ಮಿಟ್ ಅರ್ಜಿ ಬಂದಾಗ ಜಿಲ್ಲಾಧಿಕಾರಿಯ ಮೇಜಿನ ಮೇಲೆ ಬಸ್ ಮಾಲೀಕರ ಕಾಗದದ ಜೊತೆ ಊರಿನದ್ದೂ ಒಂದು ಇರುತ್ತೆ.