ಆ ಹುಡುಗಿಯ ಹೆಸರು ಬೇಡ

ಅತ್ಯಾಚಾರಕ್ಕೆ ಒಳಗಾದವರ ಹೆಸರನ್ನು ಪೇಪರಿನವರು ಯಾಕೆ ಹಾಕೋದಿಲ್ಲ ಅಂತ ಎಂದಾದರೂ ಯೋಚಿಸಿದ್ದೀರಾ? ಅದು ಬರೀ ಸೌಜನ್ಯ ಅಂದುಕೊಂಡವರು ಬಹಳ ಮಂದಿ. ಅಲ್ಲ, ಅದು ಕಾನೂನು. ಅದೂ ಬಂದದ್ದು 1983ರಲ್ಲಿ. ವಿಚಿತ್ರ ಏನೆಂದರೆ, ಆ ಕಾನೂನು ಬರಲು ಕಾರಣಳಾದ ಹುಡುಗಿಯ ಹೆಸರು ಮಾತ್ರ ದೇಶಕ್ಕೆಲ್ಲ ಗೊತ್ತು! ನಾನಿಲ್ಲಿ ಬರೆಯುವುದಿಲ್ಲ.

1972ರ ಮಾರ್ಚ್ 26ರ ರಾತ್ರಿ, ಮಹಾರಾಷ್ಟ್ರದ ಆಗಿನ ಚಂದ್ರಪುರ ಜಿಲ್ಲೆಯ ದೇಸಾಯಿಗಂಜ್ ಪೊಲೀಸ್ ಠಾಣೆ. ಅಪ್ಪ ಅಮ್ಮ ಇಲ್ಲದ ಆದಿವಾಸಿ ಹುಡುಗಿ, ಕೂಲಿ ಮಾಡುತ್ತಿದ್ದವಳು. ವಯಸ್ಸು 14ರಿಂದ 16 ಎಂದು ಆಮೇಲೆ ಡಾಕ್ಟರು ಅಂದಾಜು ಮಾಡಿದರು. ಅವಳು ಇಷ್ಟಪಟ್ಟ ಹುಡುಗನ ಮೇಲೆ ಅಣ್ಣ ಕೊಟ್ಟ ದೂರಿನ ವಿಚಾರಣೆಗೆ ಎಲ್ಲರೂ ಬಂದಿದ್ದರು. ಹೇಳಿಕೆ ಮುಗಿಯಿತು. ಉಳಿದವರನ್ನು ಹೊರಗೆ ಕಳಿಸಿ ಅವಳನ್ನೊಬ್ಬಳನ್ನೇ ಉಳಿಸಿಕೊಂಡರು. ಬಾಗಿಲು ಹಾಕಿತು, ದೀಪ ಆರಿತು. ಮನೆಯವರು ಹೊರಗೇ ಕಾಯುತ್ತಿದ್ದರು. ಹೊರಬಂದವಳು ಒಳಗೆ ಇಬ್ಬರು ಪೊಲೀಸರು ಮಾಡಿದ್ದನ್ನು ಹೇಳಿದಳು. ಜನ ಸೇರಿದರು, ದೂರು ದಾಖಲಾಯಿತು.

1974ರಲ್ಲಿ ಸೆಷನ್ಸ್ ಕೋರ್ಟು ಅವಳನ್ನೇ ಸುಳ್ಳುಗಾತಿ ಎಂದಿತು, ಇಬ್ಬರೂ ಖುಲಾಸೆ. 1976ರಲ್ಲಿ ಹೈಕೋರ್ಟು ಅದನ್ನು ತಿರುಗಿಸಿ ಒಬ್ಬನಿಗೆ ಐದು ವರ್ಷ, ಇನ್ನೊಬ್ಬನಿಗೆ ಒಂದು ವರ್ಷ ಶಿಕ್ಷೆ ಕೊಟ್ಟಿತು. ಹೆದರಿ ಸುಮ್ಮನಾಗುವುದು ಒಪ್ಪಿಗೆಯಲ್ಲ ಎಂದಿತು. ಎಷ್ಟು ಸರಳ ಮಾತು! ಆದರೆ 1978ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ಇಬ್ಬರನ್ನೂ ಬಿಟ್ಟಿತು. ಮೈಮೇಲೆ ಗಾಯ ಇಲ್ಲ, ಕೂಗಿಕೊಂಡಿದ್ದು ನಂಬುವಂತಿಲ್ಲ, ಹಾಗಾಗಿ ಒಪ್ಪಿಗೆ ಇತ್ತು... ಠಾಣೆಯೊಳಗೆ, ರಾತ್ರಿ, ಯಾರಿಗೆ ಕೇಳಲಿ ಅಂತ ಕೂಗಬೇಕಿತ್ತೋ!

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಮ್‌ವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು 1979ರ ಸೆಪ್ಟೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಮೇಷ್ಟ್ರುಗಳು ಸುಪ್ರೀಂ ಕೋರ್ಟಿಗೇ ಪಾಠ ಹೇಳಿದ ಹಾಗೆ! ಸಮ್ಮತಿಗೂ ಶರಣಾಗತಿಗೂ ಇರುವ ವ್ಯತ್ಯಾಸ ನಿಮಗೆ ಕಾಣಲಿಲ್ಲವೇ ಎಂಬುದು ಅದರ ತಿರುಳು. ಮರುವರ್ಷ ಹೆಂಗಸರು ಬೀದಿಗಿಳಿದರು. ಆ ಪತ್ರ ಇಲ್ಲದಿದ್ದರೆ ಈ ತೀರ್ಪು ದಪ್ಪ ಪುಸ್ತಕವೊಂದರಲ್ಲಿ ಧೂಳು ತಿನ್ನುತ್ತಿತ್ತು ಅನ್ನುವುದು ನನ್ನ ಅನಿಸಿಕೆ.

1983ರ ತಿದ್ದುಪಡಿ ಬಂತು. ಪೊಲೀಸರ ವಶದಲ್ಲಿ ಇಂಥದ್ದು ನಡೆದರೆ, ಸಂಭೋಗ ರುಜುವಾತಾಗಿ ಹೆಂಗಸು ತಾನು ಒಪ್ಪಿರಲಿಲ್ಲ ಎಂದರೆ, ಒಪ್ಪಿರಲಿಲ್ಲ ಎಂದೇ ಕೋರ್ಟು ಭಾವಿಸಬೇಕು. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ. ಹೆಸರು ಬಯಲು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು (ಅವಳೇ ಬರೆದು ಒಪ್ಪಿಗೆ ಕೊಟ್ಟರೆ ಬೇರೆ ಮಾತು). ಸಾಕ್ಷಿಕಟ್ಟೆಯಲ್ಲಿ ಅವಳ ನಡತೆ ಕೆದಕಲು ಬಿಟ್ಟಿದ್ದ ಕಲಮು ಹೋಗಲು ಮಾತ್ರ ಇನ್ನೂ ಸುಮಾರು ಇಪ್ಪತ್ತು ವರ್ಷ ಬೇಕಾಯಿತು.

ಹೆಸರಿನ ಕಾನೂನಿನಲ್ಲೂ ಒಂದು ಕಿಂಡಿ ಉಳಿದಿತ್ತು. ಹೈಕೋರ್ಟು, ಸುಪ್ರೀಂ ಕೋರ್ಟುಗಳ ತೀರ್ಪನ್ನು ಅಚ್ಚು ಹಾಕಿದರೆ ಅಪರಾಧವಲ್ಲ. ಅಂದರೆ ಜಡ್ಜುಗಳು ಹೆಸರು ಬರೆದರೆ ಮುಗಿಯಿತು, ಶಾಶ್ವತ! ಇದನ್ನು ಮುಚ್ಚುವ ಮಾತು ಬಂದದ್ದು ನಮ್ಮ ಕರ್ನಾಟಕದಿಂದ ಹೋದ ಒಂದು ಮೊಕದ್ದಮೆಯಲ್ಲಿ. 2003ರಲ್ಲಿ ಸುಪ್ರೀಂ ಕೋರ್ಟು, ಯಾವ ಕೋರ್ಟಿನ ತೀರ್ಪಿನಲ್ಲೂ ಹೆಸರು ಬರೆಯದಿರುವುದು ಒಳ್ಳೆಯದು ಎಂದು, ತಾನೂ ಬರೆಯದೆ ಬಿಟ್ಟಿತು. 2018ರಲ್ಲಿ, ಸತ್ತವರ ಹೆಸರನ್ನೂ ಹಾಕಕೂಡದು ಎಂದಿತು. 2024ರ ಜುಲೈಯಿಂದ ಆ ನಿಯಮ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮು.

ದೇಸಾಯಿಗಂಜಿನ ಆ ಮೊಕದ್ದಮೆಗೆ ಕಾನೂನು ವರದಿಗಳಲ್ಲಿ ಇರುವುದು ಆರೋಪಿ ಪೊಲೀಸನ ಹೆಸರು. ಕಾನೂನು ಓದುವ ಹುಡುಗರು ಇವತ್ತಿಗೂ ಅದನ್ನು ಅವಳ ಹೆಸರಿನಿಂದಲೇ ಕಲಿಯುತ್ತಾರೆ.